ಬಿಲ್ಲೆ ಒಡೆದದ್ದು ಫರ್ನೇಸ್‌ನಲ್ಲಿ ಅಲ್ಲ

23 ಬಿಲ್ಲೆ. ಲೆಕ್ಕ ತಪ್ಪಿಲ್ಲ, ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ನಂಬರ್ ಇದೆ. 23ಕ್ಕೆ 23ರೂ ಒಡೆದವು. ಕೆಲವು ಎರಡು ಹೋಳಾದವು, ಕೆಲವು ಹತ್ತು. 17ನೆಯದಂತೂ ಡಿಕ್ಕಿ ಹೊಡೆದ ಕಾರಿನ ಗಾಜಿನ ಹಾಗೆ ಚೂರುಚೂರಾಗಿ ಕ್ರೂಸಿಬಲ್ (ಬಿಸಿ ತಾಳುವ ಪುಟ್ಟ ಬಟ್ಟಲು) ತಳದಲ್ಲಿ ಹರಡಿಕೊಂಡಿತ್ತು. ಅಷ್ಟು ದಿನವೂ ನಾನು ಬೈದದ್ದು ಫರ್ನೇಸನ್ನು.

ಸೆರಾಮಿಕ್ ಮಾಡುತ್ತೇನೆ ಅಂತ ಹೇಳಿಕೊಂಡು ನಾನು ಹೊರಟಿದ್ದು ಕೇಳುವುದಕ್ಕೆ ದೊಡ್ಡದೇನಲ್ಲ. ಕೋಟಿನ ಗುಂಡಿಯಷ್ಟು ಅಗಲದ ಒಂದು ಸಿಲಿಕಾ ಬಿಲ್ಲೆ. ಸಿಲಿಕಾ ಅಂದರೆ ಮರಳಿನಲ್ಲೂ ಗಾಜಿನಲ್ಲೂ ಇರುವ ವಸ್ತು. ಗುಳ್ಳೆ ಇರಬಾರದು, ಬಿರುಕು ಇರಬಾರದು, ಅಕ್ಷರದ ಮೇಲಿಟ್ಟರೆ ಅಕ್ಷರ ಓದಲು ಬರಬೇಕು. ಕರಗಿಸಿ ಎರಕ ಹೊಯ್ಯುವ ಹಾಗಿಲ್ಲ. ಸಿಲಿಕಾ ಕರಗಬೇಕಾದರೆ 1700 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಸೋಲ್-ಜೆಲ್ ದಾರಿಯಲ್ಲಿ ಹೋದರೆ, ಅಂದರೆ ನುಣ್ಣನೆಯ ಕಣ ತೇಲುವ ದ್ರವವನ್ನು (ಸೋಲ್) ಮೆತ್ತನೆಯ ಮುದ್ದೆಯಾಗಿಸಿ (ಜೆಲ್), ಒಣಗಿಸಿ ಕಾಯಿಸಿದರೆ, 1050ರ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ. ಇಲ್ಲಿ ಗಾಜನ್ನು ಕರಗಿಸುವುದೇ ಇಲ್ಲ. ದ್ರವದೊಳಗೇ ಅಣುಗಳು ಒಂದಕ್ಕೊಂದು ಕೈಹಿಡಿದು ಹಂದರ ಕಟ್ಟಿಕೊಳ್ಳುತ್ತವೆ. ಆ ಹಂದರದ ಸಣ್ಣ ಸಣ್ಣ ತೂತುಗಳು ಮುಚ್ಚಿಕೊಳ್ಳುವಷ್ಟು ಬಿಸಿ ಕೊಟ್ಟರೆ ಸಾಕು.

ಪಾಕದ ಲೆಕ್ಕ ಹೀಗಿತ್ತು. 20 ಮಿಲಿಲೀಟರ್ ಟಿಯೋಸ್, 10 ಎಥನಾಲ್, ಆರೂವರೆ ನೀರು, ಅದಕ್ಕೆ ಕೆಲವು ಹನಿ ಹೈಡ್ರೋಕ್ಲೋರಿಕ್ ಆಸಿಡ್. ಟಿಯೋಸ್ ಅಂದರೆ ಟೆಟ್ರಾಈಥೈಲ್ ಆರ್ಥೋಸಿಲಿಕೇಟ್. ಪೂರ್ತಿ ಹೆಸರು ಹೇಳುವಷ್ಟು ತಾಳ್ಮೆ ಲ್ಯಾಬಿನಲ್ಲಿ ಯಾರಿಗೂ ಇರುವುದಿಲ್ಲ. ನೀರಿನಷ್ಟೇ ತಿಳಿಯಾದ ದ್ರವ, ಆದರೆ ನೀರಿನ ಜೊತೆ ಬೆರೆಯುವುದಿಲ್ಲ. ಎಥನಾಲ್ ಇಬ್ಬರಿಗೂ ಬೇಕಾದ ಮಧ್ಯಸ್ಥ. ಆದರೆ ನಾನು ಅದನ್ನು ಕಮ್ಮಿ ಹಾಕುತ್ತಿದ್ದೆ. ಹಾಗಾಗಿ ಮೊದಲು ಎಲ್ಲ ಮೋಡದ ಹಾಗೆ ಮಬ್ಬು. ಮ್ಯಾಗ್ನೆಟ್ ತಿರುಗುತ್ತಾ ಇರುತ್ತದೆ, ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಸ್ವಲ್ಪ ಹೊತ್ತಾದ ಮೇಲೆ ಬೀಕರ್ ಕೈಗೆ ಬೆಚ್ಚಗಾಗುತ್ತದೆ. ಇನ್ನೊಂದು ಕ್ಷಣಕ್ಕೆ ಮಬ್ಬೆಲ್ಲ ಮಾಯ, ದ್ರಾವಣ ತಿಳಿ. ಎಷ್ಟು ಸಲ ನೋಡಿದರೂ ನನಗೆ ಇದು ಬೇಜಾರಾಗಿಲ್ಲ.

ಒಳಗೆ ಆಗುವುದು ಇಷ್ಟು. ನೀರು ಟಿಯೋಸ್‌ನ ತೋಳು ಕಡಿಯುತ್ತದೆ. ಕಡಿದ ಜಾಗದಲ್ಲಿ ಹೈಡ್ರಾಕ್ಸಿಲ್ (ಆಮ್ಲಜನಕ, ಜಲಜನಕದ ಜೋಡಿ) ಕೂರುತ್ತದೆ, ಬಿಡಿಸಿಕೊಂಡದ್ದು ಎಥನಾಲ್ ಆಗಿ ಹೊರಬರುತ್ತದೆ. ಮಧ್ಯಸ್ಥ ತಾನಾಗೇ ಹುಟ್ಟಿಕೊಳ್ಳುವುದರಿಂದಲೇ ಮಬ್ಬು ಹೋಗುವುದು. ಆಮೇಲೆ ಎರಡು ಹೈಡ್ರಾಕ್ಸಿಲ್‌ಗಳು ಎದುರಾದರೆ ನೀರೊಂದನ್ನು ಉಗುಳಿ ಸಿಲಿಕಾನ್-ಆಮ್ಲಜನಕ-ಸಿಲಿಕಾನ್ ಅಂತ ಬೆಸೆದುಕೊಳ್ಳುತ್ತವೆ. ಆಸಿಡ್ ಇದ್ದರೆ ಈ ಬೆಸುಗೆ ಉದ್ದುದ್ದ ಎಳೆಗಳಾಗಿ ಬೆಳೆಯುತ್ತದೆ. ಅಮೋನಿಯಾ ಇದ್ದರೆ ಗುಂಡಗಿನ ಕಣಗಳಾಗುತ್ತವೆ. 1968ರಲ್ಲಿ ಶ್ಟೋಬರ್ ಮತ್ತು ಸಂಗಡಿಗರು ಅಮೋನಿಯಾ ದಾರಿಯಲ್ಲೇ ಹೋಗಿ ಎಲ್ಲವೂ ಒಂದೇ ಅಳತೆಯ ಸಿಲಿಕಾ ಗೋಲಿಗಳನ್ನು ಮಾಡಿ ತೋರಿಸಿದರು.

ನನ್ನದು ಎರಡೂ ಬೆರೆಸಿದ ದಾರಿ. ಮೊದಲು ಒಂದು ಗಂಟೆ ಆಸಿಡ್, ಆಮೇಲೆ ತೆಳು ಅಮೋನಿಯಾ ಹನಿ ಹನಿಯಾಗಿ. ಅಮೋನಿಯಾ ಬಿದ್ದಮೇಲೆ ಬೇಗ ಬೇಗ ಅಚ್ಚಿಗೆ ಸುರಿಯಬೇಕು. ಒಂದು ದಿನ ಯಾರೋ ಕರೆದರು ಅಂತ ಹೊರಗೆ ಹೋಗಿ ಬಂದೆ. ಸ್ಟಿರರ್ ಸದ್ದೇ ಬೇರೆಯಾಗಿತ್ತು. ನೋಡಿದರೆ ಬೀಕರ್ ತುಂಬ ಜೆಲ್, ನಡುವೆ ಮ್ಯಾಗ್ನೆಟ್ ಅಡ್ಡಡ್ಡ ಸಿಕ್ಕಿಹಾಕಿಕೊಂಡು ನಡುಗುತ್ತಿದೆ. ಬೀಕರ್ ಬೋರಲು ಹಾಕಿದರೂ ಒಂದು ಹನಿ ಬೀಳಲಿಲ್ಲ. ಆ ಮ್ಯಾಗ್ನೆಟ್ಟನ್ನು ಸ್ಪ್ಯಾಚುಲಾದಲ್ಲಿ ಅಗೆದು ತೆಗೆದೆ.

ಮೊದಲ ಆರು ಬಿಲ್ಲೆ ಹೋದದ್ದು ಪೂರ್ತಿ ನನ್ನ ದಡ್ಡತನದಿಂದ. ಗಾಜಿನ ಪೆಟ್ರಿ ಡಿಶ್‌ನಲ್ಲಿ ಸುರಿದಿದ್ದೆ. ಗಾಜು ಕೂಡ ಸಿಲಿಕಾ ಕುಲದ್ದೇ ಅಲ್ವಾ? ಜೆಲ್ ಹೋಗಿ ಅದಕ್ಕೆ ಬೆಸೆದುಕೊಂಡುಬಿಡುತ್ತದೆ. ಒಣಗುವಾಗ ಜೆಲ್ ಕುಗ್ಗಬೇಕು, ಗಾಜು ಬಿಡುವುದಿಲ್ಲ. ಅಂಚಿನಿಂದ ಶುರುವಾಗಿ ನಡುವಿನವರೆಗೆ ಸೀಳು. ಪಾಲಿಪ್ರೊಪಿಲೀನ್ ಡಿಶ್‌ಗೆ ಬದಲಾಯಿಸಿದೆ. ಅಂಚಿನ ಸೀಳು ನಿಂತಿತು. ಒಂದು ದಿನದಲ್ಲಿ ಜೆಲ್ ತಾನಾಗಿ ಡಿಶ್ ಗೋಡೆ ಬಿಟ್ಟು ಒಳಗೆ ಸರಿದುಕೊಳ್ಳುವುದು, ಸುತ್ತ ತಿಳಿ ದ್ರವ ಒಸರುವುದು ಮೊದಲ ಸಲ ಕಂಡೆ. ಒಣಗಿಸದೆಯೇ, ಮುಚ್ಚಿಟ್ಟಿದ್ದಾಗಲೇ ಆಗುವ ಕುಗ್ಗುವಿಕೆ ಇದು. ಹಂದರದೊಳಗೆ ಬೆಸುಗೆ ಇನ್ನೂ ನಡೆಯುತ್ತಲೇ ಇರುತ್ತದೆ, ಎಳೆಗಳು ಹತ್ತಿರ ಸರಿಯುತ್ತವೆ, ನಡುವಿನ ದ್ರವ ಹೊರಬೀಳುತ್ತದೆ.

ಸರಿ, ಈಗ ಆಯ್ತು ಅಂದುಕೊಂಡೆ. ಒಂದು ವಾರ ಒಣಗಿಸಿದೆ. ಹೊಳೆಯುವ ಬಿಲ್ಲೆ ಸಿಕ್ಕಿತು. ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಕ್ರೂಸಿಬಲ್‌ನಲ್ಲಿಟ್ಟು ಮಫಲ್ ಫರ್ನೇಸ್‌ಗೆ ಹಾಕಿದೆ. ನಿಮಿಷಕ್ಕೆ 5 ಡಿಗ್ರಿ ಏರಿಕೆ. ಮರುದಿನ ಬಾಗಿಲು ತೆಗೆದರೆ ಮೂರು ಹೋಳು.

ಏರಿಕೆ ಜಾಸ್ತಿಯಾಯಿತು ಅಂತ 2ಕ್ಕೆ ಇಳಿಸಿದೆ. ಒಡೆಯಿತು. 1ಕ್ಕೆ ಇಳಿಸಿದೆ. ಒಡೆಯಿತು. ನಿಮಿಷಕ್ಕೆ ಅರ್ಧ ಡಿಗ್ರಿ ಅಂತ ಇಟ್ಟೆ. ಹಾಗಾದರೆ 1000ಕ್ಕೆ ಹೋಗುವುದಕ್ಕೇ ಒಂದೂವರೆ ದಿನ ಬೇಕು. ಫರ್ನೇಸ್ ಸರದಿಗೆ ಕಾಯುತ್ತಿದ್ದವರೆಲ್ಲ ನನ್ನ ಮುಖ ನೋಡಿದರೆ ಬೇರೆ ಕಡೆ ತಿರುಗುತ್ತಿದ್ದರು. ಅಷ್ಟೆಲ್ಲ ಮಾಡಿದರೂ ಬಾಗಿಲು ತೆಗೆದರೆ ಹೋಳು. ಫರ್ನೇಸಿನ ಬಿಸಿ ಅಳೆಯುವ ಥರ್ಮೋಕಪಲ್ ಸುಳ್ಳು ಹೇಳುತ್ತಿದೆ ಅಂತ ಬಿಲ್ಲೆಯ ಪಕ್ಕದಲ್ಲೇ ಇನ್ನೊಂದು ಥರ್ಮೋಕಪಲ್ ಇಟ್ಟು ನೋಡಿದೆ. ಎರಡರ ನಡುವೆ 30 ಡಿಗ್ರಿ ವ್ಯತ್ಯಾಸ ಸಿಕ್ಕಿತು. ಕಳ್ಳ ಸಿಕ್ಕಿಬಿದ್ದ ಅಂತ ಖುಷಿಯಾಯಿತು. ಅದನ್ನು ಸರಿಪಡಿಸಿದ ಮೇಲೂ 23ನೆಯದು ಒಡೆಯಿತು.

ನಮ್ಮಲ್ಲಿ ಫರ್ನೇಸ್‌ಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಕಾಯಿಲ್ ಸುತ್ತುವುದು, ಇಟ್ಟಿಗೆ ಬದಲಿಸುವುದು ಎಲ್ಲ ಅವರದೇ. ಅವತ್ತು ನಾನು ಬಾಗಿಲು ಸ್ವಲ್ಪ ಜೋರಾಗಿಯೇ ಹಾಕಿದೆ ಅಂತ ಕಾಣುತ್ತದೆ.

“ಏನಮ್ಮಾ, ಇವನ ಮೇಲೆ ಯಾಕೆ ಸಿಟ್ಟು?” ಅಂದರು. ಫರ್ನೇಸ್‌ಗೆ ಅವರು ಯಾವಾಗಲೂ ‘ಇವನು’ ಅಂತಲೇ ಹೇಳುವುದು.

“ಎಷ್ಟು ನಿಧಾನ ಬಿಸಿ ಮಾಡಿದ್ರೂ ಒಡೆದುಹಾಕ್ತಾನೆ ಸಾರ್.”

“ಒಳಗೆ ಇಡೋ ಮುಂಚೆ ನೋಡಿದೀಯಾ?”

“ನೋಡದೆ ಇಡ್ತೀನಾ? ಚೆನ್ನಾಗೇ ಇತ್ತು.”

“ಹೆಂಗೆ ನೋಡಿದೆ?”

ಕಣ್ಣಲ್ಲಿ ನೋಡಿದೆ, ಇನ್ನು ಹೆಂಗೆ ನೋಡುವುದು ಅಂತ ಬಾಯಿಗೆ ಬಂದಿತ್ತು. ಅವರು ಸುಮ್ನೆ ನನ್ನ ಕೈಯಿಂದ ಮುಂದಿನ ಬಿಲ್ಲೆಯ ಡಬ್ಬಿ ತೆಗೆದುಕೊಂಡರು. ಲೈಟ್ ಆರಿಸಿದರು. ಫೋನಿನ ಟಾರ್ಚ್ ಹಚ್ಚಿ ಬಿಲ್ಲೆಯ ಮೇಲಿನಿಂದಲ್ಲ, ಪಕ್ಕದಿಂದ, ಅಂಚಿಗೆ ತಾಗಿಸಿ ಬೆಳಕು ಬಿಟ್ಟರು. ಬಿಲ್ಲೆಯೊಳಗೆ ಕೂದಲಿಗಿಂತ ತೆಳ್ಳಗೆ ಒಂದು ಗೆರೆ ಬೆಳ್ಳಗೆ ಹೊತ್ತಿಕೊಂಡಿತು. ಅದರ ಪಕ್ಕ ಇನ್ನೊಂದು. ಅಂಚಿನಿಂದ ಹೊರಟು ನಡುವಿಗೆ ಬಾಗಿ ಬಂದಿದ್ದವು. ತಿರುಗಿಸಿದರೆ ಮಾಯ, ಇನ್ನೊಂದು ಕೋನಕ್ಕೆ ಮತ್ತೆ ಹಾಜರ್.

“ಇದು ಇವನ ಹತ್ರ ಬರೋಕೆ ಮುಂಚೆನೇ ಸೀಳಿದೆ ಕಣಮ್ಮಾ. ಇವನು ಬಾಯಿ ಬಿಡಿಸಿದ ಅಷ್ಟೆ.”

ಅವತ್ತು ಸಂಜೆ ಡ್ರಾಯರ್‌ನಲ್ಲಿದ್ದ ಇನ್ನೂ ನಾಲ್ಕು ಬಿಲ್ಲೆಗಳನ್ನು ಹಾಗೇ ನೋಡಿದೆ. ನಾಲ್ಕರಲ್ಲೂ ಗೆರೆ. ಎರಡು ತಿಂಗಳು ನಾನು ತಪ್ಪು ಪೆಟ್ಟಿಗೆಯ ಬಾಗಿಲು ತಟ್ಟುತ್ತಿದ್ದೆ.

ಒಣಗುವಾಗ ಏನಾಗುತ್ತದೆ ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೆ ಸಂಖ್ಯೆ ಹಾಕಿ ನೋಡಿರಲಿಲ್ಲ. ಜೆಲ್‌ನ ತೂತುಗಳು ನ್ಯಾನೋಮೀಟರ್ ಲೆಕ್ಕದವು. ಪ್ರತಿ ತೂತಿನ ಬಾಯಲ್ಲಿ ದ್ರವ ಒಳಗೆ ಬಾಗಿಕೊಂಡು ನಿಂತಿರುತ್ತದೆ. ಆ ಬಾಗು ಗೋಡೆಗಳನ್ನು ಒಳಗೆ ಎಳೆಯುತ್ತದೆ. ತೂತು ಸಣ್ಣದಾದಷ್ಟೂ ಎಳೆತ ಜೋರು. ಎಥನಾಲ್ ಬೇಗ ಆವಿಯಾಗಿ ಹೋಗುತ್ತದೆ, ಕೊನೆಗೆ ಉಳಿಯುವುದು ಹೆಚ್ಚಾಗಿ ನೀರು. ನೀರಿನ ಮೇಲ್ಮೈ ಎಳೆತ ಎಥನಾಲ್‌ನ ಮೂರು ಪಟ್ಟು. 2 ನ್ಯಾನೋಮೀಟರ್ ತ್ರಿಜ್ಯದ ತೂತಿಗೆ ಲೆಕ್ಕ ಹಾಕಿದರೆ 72 ಮೆಗಾಪಾಸ್ಕಲ್ ಬರುತ್ತದೆ. ಅಂದರೆ ಸುಮಾರು 700 ವಾತಾವರಣದ ಒತ್ತಡ. ಮೇಜಿನ ಮೇಲೆ ಸದ್ದಿಲ್ಲದೆ ಕೂತ ಪ್ಲಾಸ್ಟಿಕ್ ಡಿಶ್ ಒಳಗೆ!

ಎಳೆತ ಎಲ್ಲ ಕಡೆ ಒಂದೇ ಸಮ ಇದ್ದರೆ ತೊಂದರೆಯಿಲ್ಲ. ಬಿಲ್ಲೆ ಸುಮ್ಮನೆ ಕುಗ್ಗುತ್ತದೆ. ತೊಂದರೆ ಇರುವುದು ಮೇಲ್ಮೈ ಬೇಗ ಒಣಗಿ ಹೊಟ್ಟೆ ಇನ್ನೂ ಒದ್ದೆ ಇದ್ದಾಗ. ಮೇಲಿನದು ಕುಗ್ಗಬೇಕು ಅನ್ನುತ್ತದೆ, ಒಳಗಿನದು ಜಾಗ ಬಿಡುವುದಿಲ್ಲ. ಬತ್ತಿದ ಕೆರೆಯ ಮಣ್ಣು ಬಿರಿಯುವುದೂ ಹೀಗೇ.

1840ರ ದಶಕದಲ್ಲಿ ಎಬೆಲ್ಮೆನ್ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ ಇಂಥದ್ದೇ ದ್ರವವನ್ನು ತೇವದ ಗಾಳಿಗೆ ಬಿಟ್ಟು ಗಾಜಿನಂಥ ಸಿಲಿಕಾ ಪಡೆದಿದ್ದ. ಆ ಕಾಲದ ಜೆಲ್‌ಗಳು ಚೂರಾಗದೆ ಒಣಗಬೇಕಾದರೆ ಒಂದು ವರ್ಷ, ಅದಕ್ಕಿಂತ ಜಾಸ್ತಿಯೂ ಹಿಡಿಯುತ್ತಿತ್ತು. ನಾನು ಒಂದು ವಾರದಲ್ಲಿ ಮುಗಿಸಲು ಹೊರಟಿದ್ದೆ. ಈ ಜಗಳವನ್ನೇ ತಪ್ಪಿಸಿದವನು ಕಿಸ್ಲರ್ ಎಂಬ ವಿಜ್ಞಾನಿ. 1931ರಲ್ಲಿ. ದ್ರವದ ಬಾಗು ಇದ್ದರೆ ತಾನೆ ಎಳೆತ? ಒತ್ತಡದ ಪಾತ್ರೆಯಲ್ಲಿಟ್ಟು ದ್ರವ, ಆವಿ ಅನ್ನುವ ಭೇದವೇ ಇಲ್ಲದ ಸ್ಥಿತಿಗೆ ಒಯ್ದ. ಎಥನಾಲ್ ಆದರೆ 241 ಡಿಗ್ರಿ, 60ಕ್ಕಿಂತ ಹೆಚ್ಚು ವಾತಾವರಣದ ಒತ್ತಡ ಬೇಕು. ಬಾಗೇ ಇಲ್ಲ, ಎಳೆತವೂ ಇಲ್ಲ. ಜೆಲ್ ಕುಗ್ಗದೆ ಹಾಗೇ ಒಣಗಿ ಹೊಗೆಯಂಥ ಏರೋಜೆಲ್ ಆಯಿತು. ಬುದ್ಧಿ ಅಂದರೆ ಅದು. ಆದರೆ ನಮ್ಮಲ್ಲಿ ಅಂಥ ಪಾತ್ರೆ ಇರಲಿಲ್ಲ. ಫಾರ್ಮಮೈಡ್ ಅನ್ನುವ ದ್ರವ ಬೆರೆಸು, ತೂತೆಲ್ಲ ಒಂದೇ ಅಳತೆಗೆ ಬಂದು ಬಿರುಕು ಕಮ್ಮಿಯಾಗುತ್ತದೆ ಅಂತ ಒಬ್ಬರು ಹೇಳಿದರು. ಕೆಲಸ ಮಾಡುತ್ತದೆ ನಿಜ. ಆದರೆ ಅದು ವಿಷ, ಮೇಲಾಗಿ ಬಿಸಿ ಮಾಡುವಾಗ ಅದನ್ನು ಹೊರಹಾಕುವುದು ಇನ್ನೊಂದು ತಲೆನೋವು. ನನಗೆ ಬೇಡವಾಯಿತು.

ಉಳಿದದ್ದು ಕಾಯುವುದು. ಮೊದಲು ಜೆಲ್ ಗಟ್ಟಿಯಾದ ಮೇಲೆ ಡಿಶ್ ಪೂರ್ತಿ ಸೀಲ್ ಮಾಡಿ 50 ಡಿಗ್ರಿಯಲ್ಲಿ ನಾಲ್ಕು ದಿನ. ಈ ಹೊತ್ತಿನಲ್ಲಿ ಹಂದರದ ಕುತ್ತಿಗೆಗಳು ದಪ್ಪಗಾಗುತ್ತವೆ, ತೂತುಗಳೂ ಸ್ವಲ್ಪ ಹಿಗ್ಗುತ್ತವೆ. ಆಮೇಲೆ ಮೇಲೆ ಮುಚ್ಚಿದ್ದ ಪ್ಯಾರಾಫಿಲ್ಮ್‌ಗೆ (ಮೇಣದಂಥ ತೆಳು ಹಾಳೆ) ಸೂಜಿಯಿಂದ ಒಂದೇ ಒಂದು ತೂತು. ದಿನಾ ಬೆಳಿಗ್ಗೆ ತೂಕ. ಸುರಿದ ದಿನ 14.2 ಗ್ರಾಂ ಇತ್ತು. ಎರಡು ವಾರ ತೂಕ ನೇರ ಗೆರೆಯಲ್ಲಿ ಇಳಿಯಿತು. ಬಿಲ್ಲೆ ಕುಗ್ಗುತ್ತಾ ಹೋಯಿತು, 50 ಮಿಲಿಮೀಟರ್ ಅಗಲವಿದ್ದದ್ದು 40, 30. ಈ ಹಂತದಲ್ಲಿ ಅದು ಮೆತ್ತಗಿರುತ್ತದೆ, ಎಳೆದ ಕಡೆ ಬರುತ್ತದೆ, ಹಾಗಾಗಿ ಒಡೆಯುವುದಿಲ್ಲ.

ಗಂಡಾಂತರ ಇರುವುದು ಮೂರೂವರೆ ಗ್ರಾಂ ಹತ್ತಿರ. ಅಲ್ಲಿ ಹಂದರ ಗಟ್ಟಿಯಾಗಿ ಇನ್ನು ಕುಗ್ಗಲಾರೆ ಅನ್ನುತ್ತದೆ. ದ್ರವ ಮೇಲ್ಮೈ ಬಿಟ್ಟು ತೂತಿನೊಳಗೆ ಇಳಿಯಲು ಶುರು ಮಾಡುತ್ತದೆ. ಎಳೆತ ಅತಿ ಜಾಸ್ತಿ ಇರುವುದು, ಬಿಲ್ಲೆ ಅತಿ ಪೆಡಸಾಗಿರುವುದು ಒಂದೇ ಹೊತ್ತಿಗೆ. ಹಳೆಯ ನೋಟ್‌ಬುಕ್ ತೆಗೆದು ನೋಡಿದರೆ ಅಲ್ಲೂ ಸುಳಿವು ಇತ್ತು. ‘ರಾತ್ರಿ ಟಿಕ್ ಅಂತ ಸದ್ದು, ಇಲಿ?’ ಅಂತ 11ನೇ ಬಿಲ್ಲೆಯ ಪಕ್ಕ ನಾನೇ ಬರೆದಿದ್ದೆ. ಇಲಿ ಅಲ್ಲ. ಅವತ್ತಿನ ತೂಕ 3.6 ಗ್ರಾಂ.

ಹಾಗಾಗಿ 24ನೆಯದಕ್ಕೆ 4 ಗ್ರಾಂ ಬಂದ ಕೂಡಲೇ ಡಿಶ್ಶನ್ನು ಇನ್ನೊಂದು ಡಬ್ಬಿಯೊಳಗಿಟ್ಟು, ಆ ಡಬ್ಬಿಗೂ ಮುಚ್ಚಳ ಹಾಕಿ, ಮುಚ್ಚಳಕ್ಕೂ ಒಂದೇ ಸೂಜಿ ತೂತು ಮಾಡಿದೆ. ಮೂರೂವರೆಯಿಂದ ಕೆಳಗಿಳಿಯಲು ಆರು ದಿನ ತೆಗೆದುಕೊಂಡಿತು. ನಡುವೆ ಒಂದು ಬೆಳಿಗ್ಗೆ ನೋಡಿದರೆ ಬಿಲ್ಲೆ ಬೆಳ್ಳಗೆ ಸುಣ್ಣದ ಹಾಗೆ! ಎದೆ ಧಸಕ್ಕೆಂದಿತು. ಅರ್ಧ ತೂತು ಖಾಲಿ, ಅರ್ಧ ತುಂಬಿದಾಗ ಬೆಳಕು ಚದುರುತ್ತದೆ, ಅಷ್ಟೇ. ಒಣಗಿ ಮುಗಿದ ಮೇಲೆ ಮತ್ತೆ ತಿಳಿಯಾಯಿತು. ಕೊನೆಯ ತೂಕ 2.7 ಗ್ರಾಂ, ಅಗಲ 24 ಮಿಲಿಮೀಟರ್. ಲೈಟ್ ಆರಿಸಿ ಟಾರ್ಚ್ ಬಿಟ್ಟೆ. ಸುತ್ತ ತಿರುಗಿಸಿದೆ. ಒಂದೂ ಗೆರೆಯಿಲ್ಲ. ಹಿರಿಯರಿಗೆ ತೋರಿಸಿದೆ. ಅವರು ತಮ್ಮ ಟಾರ್ಚಿನಲ್ಲಿ ಇನ್ನೊಂದು ಸಲ ನೋಡಿ “ಹ್ಞೂಂ, ಇಡು ಈಗ” ಅಂದರು.

ಇಟ್ಟೆ. ಒಡೆಯಲಿಲ್ಲ. ಕಪ್ಪಾಯಿತು.

ಇಲ್ಲಿಂದ ಮುಂದಿನದು ನಿಜವಾಗಲೂ ಫರ್ನೇಸಿನ ಪಾಠ. ಒಣ ಜೆಲ್ ಅಂದರೆ ಬರೀ ಸಿಲಿಕಾ ಅಲ್ಲ. 150-200 ಡಿಗ್ರಿಯವರೆಗೆ ತೂತಿನ ಗೋಡೆಗೆ ಅಂಟಿಕೊಂಡ ನೀರು ಬಿಡುತ್ತದೆ. ಅಲ್ಲಿಂದ ಸುಮಾರು 500ರವರೆಗೆ ನೀರು ಕಡಿಯದೆ ಉಳಿದ ಟಿಯೋಸ್‌ನ ತೋಳುಗಳು (ಇಂಗಾಲವಿರುವ ಎಥಾಕ್ಸಿ) ಸುಡುತ್ತವೆ. ಸುಡಲು ಗಾಳಿ ಬೇಕು, ಗಾಳಿ ಒಳಗೆ ಹೋಗಲು ತೂತು ತೆರೆದಿರಬೇಕು, ಸಮಯವೂ ಬೇಕು. ನಾನು ಈ ಸಲ ಬಿಲ್ಲೆ ಗಟ್ಟಿ ಇದೆ ಅಂತ ಧೈರ್ಯದಲ್ಲಿ ಏರಿಕೆ ಮತ್ತೆ 5ಕ್ಕೆ ಇಟ್ಟಿದ್ದೆ. ಸುಡದೆ ಉಳಿದ ಇಂಗಾಲ ಒಳಗೇ ಸಿಕ್ಕಿಬಿತ್ತು. ಒಮ್ಮೆ ತೂತು ಮುಚ್ಚಿದ ಮೇಲೆ ಎಷ್ಟು ಕಾಯಿಸಿದರೂ ಆ ಕಪ್ಪು ಹೋಗುವುದಿಲ್ಲ.

25ನೆಯದರಲ್ಲಿ ನಿಮಿಷಕ್ಕೆ ಅರ್ಧ ಡಿಗ್ರಿಯಂತೆ ಏರಿಸಿ, 180ರಲ್ಲಿ ಐದು ಗಂಟೆ, 400ರಲ್ಲಿ ಹತ್ತು ಗಂಟೆ ನಿಲ್ಲಿಸಿದೆ. ಕಪ್ಪು ಬರಲಿಲ್ಲ. ಆದರೆ 500 ದಾಟಿದ ಮೇಲೆ ಇನ್ನೇನಿದೆ ಅಂತ ನೇರ 1100ಕ್ಕೆ ಓಡಿಸಿದೆ. ಬಿಲ್ಲೆ ಉಬ್ಬಿ ನೊರೆಗಲ್ಲಿನ ಹಾಗಾಗಿತ್ತು, ಉಗುರಿನಲ್ಲಿ ಕೆರೆದರೆ ಉದುರುತ್ತಿತ್ತು. ಗೋಡೆಗಳ ಮೇಲೆ ಹೈಡ್ರಾಕ್ಸಿಲ್‌ಗಳು ಇನ್ನೂ ಕೂತಿರುತ್ತವೆ. ಅವು ಜೋಡಿಯಾಗಿ ನೀರಾಗಿ ಹೊರಡುವುದು 400ರಿಂದ ಶುರುವಾಗಿ 800 ದಾಟುವವರೆಗೂ ನಡೆಯುತ್ತದೆ. ಅವು ಹೊರಡುವ ಮುಂಚೆ ತೂತು ಮುಚ್ಚಿದರೆ ಆವಿ ಒಳಗೇ ಬಂದಿ, ಗಾಜು ಮೆತ್ತಗಾದ ಕೂಡಲೇ ಅದನ್ನು ಬಲೂನಿನ ಹಾಗೆ ಊದುತ್ತದೆ. ತಮಾಷೆ ಏನೆಂದರೆ ಇದೇ ಹೈಡ್ರಾಕ್ಸಿಲ್‌ಗಳೇ ಸಿಲಿಕಾವನ್ನು ಸ್ವಲ್ಪ ಮೆದುವಾಗಿಸಿ ಕಮ್ಮಿ ಬಿಸಿಯಲ್ಲೇ ತೂತು ಮುಚ್ಚಲು ಸಹಾಯ ಮಾಡುವುದು. ಇದ್ದರೂ ಕಷ್ಟ, ಬೇಗ ಹೋದರೂ ಕಷ್ಟ. ಇವನ್ನು ಪೂರ್ತಿ ತೊಲಗಿಸಬೇಕಾದವರು ಕ್ಲೋರಿನ್ ಹಾಯಿಸುತ್ತಾರೆ. ನಾನು 800ರಲ್ಲಿ ಎಂಟು ಗಂಟೆ ನಿಲ್ಲಿಸುವುದರಲ್ಲಿ ತೃಪ್ತಿಪಟ್ಟೆ.

1050ರಲ್ಲಿ ಎರಡು ಗಂಟೆ. ಅದಕ್ಕಿಂತ ಜಾಸ್ತಿ ಇಟ್ಟರೆ ಇನ್ನೊಂದು ಕಾಟ, ಮೇಲ್ಮೈಯಲ್ಲಿ ಕ್ರಿಸ್ಟೋಬಲೈಟ್ ಅನ್ನುವ, ಸಿಲಿಕಾದ್ದೇ ಹರಳು ಹುಟ್ಟುತ್ತದೆ. ಬಿಸಿಯಲ್ಲಿ ಸಭ್ಯವಾಗಿರುತ್ತದೆ. ತಣಿಯುವಾಗ 200ಕ್ಕೂ 270ಕ್ಕೂ ನಡುವೆ ಒಮ್ಮೆಲೇ ರೂಪ ಬದಲಿಸಿ, ಕುಗ್ಗಿ, ಎಲ್ಲ ಸೀಳಿಹಾಕುತ್ತದೆ. 27ನೆಯದು ಹಾಗೆ ಹೋಯಿತು. 26ನೆಯದು ಹೇಗೆ ಹೋಯಿತು ಅಂದರೆ, ನನ್ನ ಕೈಯಿಂದ ಜಾರಿ ಬಿತ್ತು. ಅದರ ಬಗ್ಗೆ ವಿಜ್ಞಾನ ಏನೂ ಇಲ್ಲ.

28ನೆಯದು ಬಂತು. 20 ಮಿಲಿಮೀಟರ್ ಅಗಲ, ಮೂರೂಕಾಲು ಮಿಲಿಮೀಟರ್ ದಪ್ಪ, 2.3 ಗ್ರಾಂ. ಸುರಿದ ಹೊತ್ತಿನ ಗಾತ್ರದ ಹದಿನೈದನೇ ಒಂದು ಪಾಲು. ನೋಟ್‌ಬುಕ್ಕಿನ ಮೇಲಿಟ್ಟರೆ ಕೆಳಗಿನ ‘ಒಡೆಯಿತು’ ಅನ್ನುವ ಪದ ಸ್ಪಷ್ಟ ಓದಲು ಬಂತು.

ಇದನ್ನೆಲ್ಲ ಕೇಳಿದ ಗೆಳತಿ “ಅದು ಗಾಜು ಕಣೇ, ಸೆರಾಮಿಕ್ ಎಲ್ಲಿ ಬಂತು?” ಅಂದಳು. ಮಾತು ಸರಿ, ಹರಳು ಇಲ್ಲದ ಸಿಲಿಕಾ ಅಂದರೆ ಗಾಜೇ. ಅವಳ ಬಾಯಿ ಮುಚ್ಚಿಸಲೆಂದೇ ಈಗ ಅಲ್ಯೂಮಿನಾ ಹಿಡಿದಿದ್ದೇನೆ. 1975ರಲ್ಲಿ ಯೋಲ್ಡಸ್ ಎಂಬ ವಿಜ್ಞಾನಿ ತೋರಿಸಿದ ದಾರಿ. ಅಲ್ಯೂಮಿನಿಯಂ ಅಲ್ಕಾಕ್ಸೈಡನ್ನು (ಟಿಯೋಸ್ ಥರದ್ದೇ, ಸಿಲಿಕಾನ್ ಬದಲು ಅಲ್ಯೂಮಿನಿಯಂ) 80 ಡಿಗ್ರಿಗಿಂತ ಬಿಸಿಯಾದ ನೀರಿಗೆ ಹಾಕಬೇಕು. ತಣ್ಣೀರಿಗೆ ಹಾಕಿದರೆ ಬೇಯರೈಟ್ ಅನ್ನುವ ಬೇರೆಯೇ ವಸ್ತು ಆಗಿ ಕೂರುತ್ತದೆ, ಆಮೇಲೆ ಸರಿಯಾದ ಸೋಲ್ ಆಗುವುದಿಲ್ಲ. ಬಿಸಿನೀರಿನಲ್ಲಿ ನಮಗೆ ಬೇಕಾದ ಬೋಹ್ಮೈಟ್ ಬರುತ್ತದೆ. ಸ್ವಲ್ಪ ನೈಟ್ರಿಕ್ ಆಸಿಡ್ ಹಾಕಿ ಗಂಟೆಗಟ್ಟಲೆ ಬಿಸಿಯಾಗಿ ಕದಡುತ್ತಿದ್ದರೆ ಸುಣ್ಣದ ನೀರಿನಂತಿದ್ದದ್ದು ನಿಧಾನಕ್ಕೆ ತಿಳಿಯಾಗುತ್ತದೆ.

ಅದರ ಫರ್ನೇಸ್ ಕಥೆಯೇ ಬೇರೆ. ಇಲ್ಲಿ ತೂತು ಮುಚ್ಚುವುದಷ್ಟೇ ಅಲ್ಲ, ಹರಳು ವೇಷ ಬದಲಿಸುತ್ತಾ ಹೋಗುತ್ತದೆ. 500ರ ಹತ್ತಿರ ಗಾಮಾ, ಆಮೇಲೆ ಡೆಲ್ಟಾ, ಥೀಟಾ, ಕೊನೆಗೆ 1200ರ ಸುಮಾರಿಗೆ ಆಲ್ಫಾ. ಆ ಕೊನೆಯ ಜಿಗಿತದಲ್ಲಿ ಆಲ್ಫಾ ಹರಳುಗಳು ಅಲ್ಲೊಂದು ಇಲ್ಲೊಂದು ಹುಟ್ಟಿ, ಹುಳು ಹರಿದಂತೆ ಕೊಂಬೆ ಚಾಚಿ, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬಿಟ್ಟುಬಿಡುತ್ತವೆ. 1984ರಲ್ಲಿ ಕುಮಗಾಯಿ ಮತ್ತು ಮೆಸ್ಸಿಂಗ್ ಸೋಲ್‌ಗೇ ನುಣ್ಣನೆಯ ಆಲ್ಫಾ ಅಲ್ಯೂಮಿನಾ ಪುಡಿಯನ್ನು ಬೀಜದ ಹಾಗೆ ಬೆರೆಸಿದರು. ಬೀಜ ತುಂಬಾ ಇದ್ದರೆ ಹರಳು ಎಲ್ಲೆಡೆ ಒಟ್ಟಿಗೆ ಹುಟ್ಟುತ್ತದೆ, ಬೀಜ ಇಲ್ಲದಾಗ ಬೇಕಾದ ಬಿಸಿಗಿಂತ ನೂರು ಡಿಗ್ರಿಗೂ ಜಾಸ್ತಿ ಕೆಳಗೇ ಕೆಲಸ ಆಗುತ್ತದೆ, ಸಾಂದ್ರತೆಯೂ ಬರುತ್ತದೆ. ನಾನೂ ಬೀಜ ಹಾಕಿದ್ದೇನೆ.

ಸದ್ಯಕ್ಕೆ ಮೇಜಿನ ಮೇಲೆ ಅಲ್ಯೂಮಿನಾ 1, 2, 3 ಅಂತ ಮೂರು ಡಿಶ್ ಇವೆ. ಡಬ್ಬಿಯೊಳಗೆ ಡಬ್ಬಿ, ಒಂದೊಂದು ಸೂಜಿ ತೂತು. ಅಲ್ಯೂಮಿನಾದ ಗಂಡಾಂತರದ ತೂಕ ಎಷ್ಟು ಅಂತ ನನಗಿನ್ನೂ ಗೊತ್ತಿಲ್ಲ, ಅದನ್ನು ಕಂಡುಹಿಡಿಯಲು ಒಂದನ್ನು ಬಲಿ ಕೊಡಬೇಕು. 3ನೆಯದರ ಮುಚ್ಚಳ ತೆಗೆದಿಟ್ಟು ಪಕ್ಕದಲ್ಲಿ ಫೋನನ್ನು ರೆಕಾರ್ಡಿಂಗ್‌ಗೆ ಹಾಕಿ ಬಂದಿದ್ದೇನೆ. ಬೆಳಿಗ್ಗೆ ಹೋಗಿ ಟಿಕ್ ಅಂದದ್ದು ಎಷ್ಟು ಗಂಟೆಗೆ ಅಂತ ಕೇಳಬೇಕು.